ಗೈರಾಣದ ರಗ್ಬಿ

ಕನ್ನಡ ನಾಡು ಒಂದಾದ ವರ್ಷ ಎಲ್ಲರಿಗೂ ಏನಾದರೊಂದು ಸಿಕ್ಕಿತು. ಕೆಲವರಿಗೆ ಕುರ್ಚಿ ಸಿಕ್ಕಿತು, ಕೆಲವರಿಗೆ ಶಾಲು ಸಿಕ್ಕಿತು, ಯಾದಗಿರಿ ಸ್ಟೇಷನ್ ಎದುರಿನ ಫೋಟೋ ಅಂಗಡಿಯವನಿಗೆ ಕೈತುಂಬ ಕೆಲಸ ಸಿಕ್ಕಿತು. ನಮ್ಮ ಹಟ್ಟಿಗೆ ಸಿಕ್ಕಿದ್ದು ರಗ್ಬಿ. ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಸಿಟ್ಟು ಯಾರ ಮೇಲೆ ಎಂದು ಕೇಳಬೇಡಿ, ಎಲ್ಲರ ಮೇಲೂ ಇದೆ. ಆದರೆ ಮೊದಲ ಪಾಲು ನನ್ನ ಅಕ್ಕ ಮಲಕಮ್ಮನ ಗಂಡ ಬೀರಣ್ಣನಿಗೆ ಸೇರಬೇಕು.

ಬೀರಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಸ್ಸು ತಡವಾಗಿ ಬಂದರೆ ಡ್ರೈವರನ ಮೇಲೆ ಹಾಯುತ್ತಿದ್ದ. ಹೊತ್ತಿಗೆ ಸರಿಯಾಗಿ ಬಂದು ಹೋಗಿಬಿಟ್ಟರೆ, "ನಾ ಬರೂತನ ನಿಲ್ಲಾಕ ಇವಂಗೇನು ಧಾಡಿ?" ಎಂದು ಮತ್ತೆ ಹಾಯುತ್ತಿದ್ದ. ಹರೆಯದಲ್ಲಿ ಅವನು ಹೈದರಾಬಾದಿನ ಆಚೆ ಬೊಲಾರಂ ದಂಡಿನ ಛಾವಣಿಗೆ ಕುರಿ ಹೊಡೆದುಕೊಂಡು ಹೋಗಿ, ಫೌಜಿನ ಅಡುಗೆಮನೆಗೆ ಕೊಟ್ಟು ಬರುತ್ತಿದ್ದ. ಅಲ್ಲಿ ಗೋಡೆಯ ಮೇಲಿನಿಂದ ಇಣುಕಿ, ಗೋರಾ ಸಿಪಾಯಿಗಳು ಮೊಟ್ಟೆಯಂಥ ಚೆಂಡು ಹಿಡಿದು ಒಬ್ಬರ ಮೇಲೊಬ್ಬರು ಬೀಳುವುದನ್ನು ನೋಡಿದ್ದನಂತೆ. ವರ್ಷ ಕಳೆದಂತೆ ಅವನ ಮಾತಿನಲ್ಲಿ ಆ ಗೋಡೆ ಗಿಡ್ಡವಾಗುತ್ತಾ ಬಂತು. ನಾನು ಹೇಳುತ್ತಿರುವ ಈ ಕತೆಯ ಹೊತ್ತಿಗೆ ಗೋಡೆಯೇ ಇರಲಿಲ್ಲ.

ಸುರಪುರದ ಸಂತೆಯ ದಿನ ನಾನೂ ಅವನೂ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು. ಕಂಬಳಿ ವ್ಯಾಪಾರಿ ರಾಜಾಸಾಬ ಉರ್ದು ಪತ್ರಿಕೆಯನ್ನು ಎಲ್ಲರಿಗೂ ಕೇಳುವಂತೆ ಓದಿ ಕನ್ನಡದಲ್ಲಿ ಹೇಳುತ್ತಿದ್ದ.

"ರಗ್ಬಿ ಅಂತ ಒಂದು ಆಟದಾಗ ಪರದೇಶದವ್ರು ಬಂದು ನಮ್ಮ ಹಿಂದೂಸ್ತಾನದವ್ರನ್ನ ಹಿಟ್ಟು ಮಾಡಿ ಹೋಗ್ಯಾರ. ಈ ಆಟ ಹಿಂದೂಸ್ತಾನದವ್ರ ಹಣ್ಯಾಗ ಬರದಿಲ್ಲ ಅಂತ ಅವ್ರ ಕಪ್ತಾನ ಹೇಳ್ಯಾನ."

ಹೋಟೆಲಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಬೀರಣ್ಣ ಮಾತ್ರ ಚಹಾದ ಬಸಿಯನ್ನು ಮೇಜಿಗೆ ಕುಕ್ಕಿದ. ಬಸಿ ಒಡೆಯಿತು.

"ಯಾವನ್ಲೇ ಅವ ಕಪ್ತಾನ? ಕರೀ ಅವನ್ನ ಇಲ್ಲಿಗೆ!"

"ಅವ ಹಡಗ ಹತ್ತಿ ಹೋಗ್ಯಾನೋ ಮಾರಾಯ," ಎಂದ ರಾಜಾಸಾಬ. "ನೀ ನನ್ನ ಯಾಕ ಗದರಸ್ತಿ?"

"ನಮ್ಮ ಹಣಿ ನೋಡಾಕ ಅವ ಯಾರು? ನಮ್ಮ ಹಟ್ಟಿ ಮಂದಿನ್ನ ಕೊಡ್ರಿ ನನ್ನ ಕೈಯಾಗ. ಲಂಡನ್ನದವ್ರನ್ನ ಕುರಿ ಉಣ್ಣಿ ಕತ್ತರಿಸಿದಂಗ ಕತ್ತರಿಸಿ ಬರಿಮೈಲೆ ಕಳಸ್ತೀನಿ!"

ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬರು ಕೂತಿದ್ದರು. ಹಳ್ಳಿಗಳಲ್ಲಿ ಆಟೋಟ ಬೆಳೆಸಬೇಕೆಂದು ಹೊಸ ಸರ್ಕಾರ ಮೈಸೂರು ಕಡೆಯಿಂದ ಕಳಿಸಿದ್ದ ಸಾಹೇಬರು. ಬಂದಾಗಿನಿಂದ ಅವರ ಹತ್ತಿರ ಆಟದ ಮಾತು ಆಡಿದವರು ಯಾರೂ ಇರಲಿಲ್ಲ. ಬಂದವರೆಲ್ಲ ಬಾವಿ ತೋಡಿಸಿ ಕೊಡಿ ಎಂದು ಕೇಳಿ ಹೋಗುತ್ತಿದ್ದರು. ಸಾಹೇಬರು ಎದ್ದು ಬಂದು ಬೀರಣ್ಣನ ಎರಡೂ ಕೈ ಹಿಡಿದುಕೊಂಡರು.

"ತಾವು ರಗ್ಬಿ ಆಡಿದ್ದೀರಾ?"

ಬೀರಣ್ಣ ಹಿಂತಿರುಗಿ ನೋಡಿದ. ಅವನನ್ನು ಅಲ್ಲಿಯ ತನಕ ಯಾರೂ 'ತಾವು' ಅಂದಿರಲಿಲ್ಲ. ಹಿಂದೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಎದೆ ಸೆಟೆಸಿ ಹೇಳಿದ:

"ಆಡೀನ್ರಿ. ಬೊಲಾರಂದಾಗ, ಗೋರಾ ಮಂದಿ ಜೋಡಿ."

"ತಮ್ಮ ಊರಿನಲ್ಲಿ ಮೈದಾನವಿದೆಯೇ?"

"ಮೈದಾನ? ಬೋನಾಳ ಕೆರಿ ದಂಡಿಗೆ ನಮ್ಮ ಗೈರಾಣ ಐತ್ರಿ, ಅಂಗೈ ಇದ್ದಂಗ. ಒಂದು ಕಲ್ಲಿಲ್ಲ, ಒಂದು ಮುಳ್ಳಿಲ್ಲ."

ಗೈರಾಣ ಎಂದರೆ ನಮ್ಮ ಹಟ್ಟಿಯ ಕುರಿ ಮೇಯುವ ನೆಲ. ಬೇಸಿಗೆಯಲ್ಲಿ ಸುತ್ತ ಎಲ್ಲೂ ಒಂದು ಎಸಳು ಹಸಿರು ಇಲ್ಲದಾಗ ಕೆರೆಯ ತೇವಕ್ಕೆ ಅಲ್ಲಿ ಮಾತ್ರ ಹುಲ್ಲು ಇರುತ್ತದೆ. ಅದು ಹೋದರೆ ಕುರಿ ಹೋಯಿತು, ಕುರಿ ಹೋದರೆ ನಾವು ಹೋದೆವು. ನಾನು ಮೇಜಿನ ಕೆಳಗೆ ಬೀರಣ್ಣನ ಕಾಲನ್ನು ಒದ್ದೆ.

"ಯಾಕಲೇ ಸಾಬಣ್ಣ, ಕಾಲ್ ಒದಿಯಾಕತ್ತಿ?" ಎಂದು ಅವನು ಇಡೀ ಹೋಟೆಲಿಗೆ ಕೇಳುವಂತೆ ಕೇಳಿದ. ನಾನು ಚಹಾ ಕುಡಿದೆ.

ಮರುವಾರವೇ ಜೀಪು ಬಂತು. ಸಾಹೇಬರು ಬಂದರು, ಅವರ ಚಪರಾಸಿ ಲಾಡ್ಲೇಸಾಬ ಬಂದ, ಸುಣ್ಣದ ಚೀಲ ಬಂತು, ಉದ್ದನೆಯ ಕಂಬಗಳು ಬಂದವು. ಬೀರಣ್ಣ ತಲೆಗೆ ಹೊಸ ರುಮಾಲು ಸುತ್ತಿಕೊಂಡು ಅವರ ಹಿಂದೆ ಮುಂದೆ ಓಡಾಡಿ ಸುಣ್ಣದ ಗೆರೆ ಎಳೆಸಿದ. ಸಂಜೆಗೆ ಗೈರಾಣದ ಸುತ್ತ ಮುಳ್ಳುತಂತಿ ಬಿತ್ತು. ಕಡೆಗೆ ಒಂದು ಬೋರ್ಡು ನೆಟ್ಟರು. ಹಟ್ಟಿಯಲ್ಲಿ ಓದು ಬರುತ್ತಿದ್ದವನು ನಾನೊಬ್ಬನೇ. ಎಲ್ಲರೂ ನನ್ನ ಮುಖ ನೋಡಿದರು.

"ರಾಷ್ಟ್ರೀಯ ಕ್ರೀಡಾಂಗಣ. ಕುರಿ ದನಗಳಿಗೆ ಪ್ರವೇಶವಿಲ್ಲ," ಎಂದು ಓದಿದೆ. ಅದನ್ನು ನಾನೇ ಬರೆದವನೋ ಎಂಬಂತೆ ಎಲ್ಲರೂ ನನ್ನನ್ನು ದುರುಗುಟ್ಟಿ ನೋಡಿದರು.

ನಿಜಾಮನ ಕಾಲದಲ್ಲಿ ಜಾಗೀರದಾರನ ಮಂದಿ ಬಂದು ಕುರಿಗಿಷ್ಟು ಎಂದು ವಸೂಲಿ ಮಾಡುತ್ತಿದ್ದರು, ಬೈಯುತ್ತಿದ್ದರು, ಮನಸ್ಸಾದರೆ ಒಂದು ಟಗರನ್ನೂ ಎಳೆದುಕೊಂಡು ಹೋಗುತ್ತಿದ್ದರು. ಅವರ ವಂಶ ಹಾಳಾಗಲಿ. ಆದರೆ ಮೇಯಬೇಡ ಎಂದು ಕುರಿಗೆ ಅವರೂ ಹೇಳಿರಲಿಲ್ಲ. ನಮ್ಮ ಭಾಷೆಯ ಸರ್ಕಾರ ಬರಲಿ ಎಂದು ನಾವೂ ಜೈ ಅಂದವರು. ಬಂತು. ಬಂದು ನಮ್ಮ ಜೊತೆ ಆಡಿದ ಮೊದಲ ಮಾತು ಇದು. ಎಂಥ ಶುದ್ಧ ಕನ್ನಡ, ಒಂದು ಉರ್ದು ಪದವಿಲ್ಲ!

ಆ ರಾತ್ರಿಯ ಊಟ ಬೀರಣ್ಣನಿಗೆ ಸಿಗಲಿಲ್ಲ. ಮಲಕಮ್ಮ ಹಂಚನ್ನು ಒಲೆಯಿಂದ ಇಳಿಸಿಬಿಟ್ಟಳು.

"ನಿನ್ನ ರೊಟ್ಟಿ ಲಂಡನ್ನದಾಗ ಬಡ್ಯಾಕತ್ತಾರ, ಅಲ್ಲಿಗೇ ಹೋಗು."

"ಏ, ದೇಶದ ಇಜ್ಜತ್ ಪ್ರಶ್ನೆ ಐತಿ ಇದು!"

"ದೇಶ ನಿನಗ ರೊಟ್ಟಿ ಹಾಕಲಿ."

ಬೀರಣ್ಣನ ತಾಯಿ ಗೊಲ್ಲಾಳಮ್ಮ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಮಗನ ಸಿಟ್ಟು ಎಲ್ಲಿಂದ ಬಂದಿತ್ತೆಂದು ತಿಳಿಯಬೇಕಾದರೆ ಅವಳ ಮುಂದೆ ಹೊತ್ತು ಕಳೆಯಬೇಕು. ಅವಳು ಮಗನನ್ನು ಮೇಲಿಂದ ಕೆಳಗೆ ನೋಡಿ ಒಂದೇ ಮಾತು ಹೇಳಿದಳು: "ನೆಲ ತಿರಗಿ ತಂದ್ರ ಒಳಗ ಬಾ. ಇಲ್ಲಂದ್ರ ಆ ಕಂಬಕ್ಕ ತೆಕ್ಕಿಬಿದ್ದು ಮಲಕೋ."

ಬೀರಣ್ಣ ನಿಜವಾಗಿಯೂ ಹೋಗಿ ಗೋಲಿನ ಕಂಬದ ಬುಡದಲ್ಲಿ ಮಲಗಿದ.

ಮರುದಿನದಿಂದ ತರಬೇತಿ. ಕುರಿಗಳನ್ನು ದೋರನಹಳ್ಳಿಯ ಕಡೆ ಬೋಳು ಹೊಲಗಳಲ್ಲಿ ಸುತ್ತಿಸಲು ಹೆಂಗಸರು ಹೊರಟರೆ, ಗಂಡಸರು ಗೈರಾಣದಲ್ಲಿ ಸಾಲಾಗಿ ನಿಲ್ಲಬೇಕು. ಬರದಿದ್ದರೆ ಕುರಿಗಳನ್ನು ಕೊಂಡವಾಡದ ಸರ್ಕಾರಿ ದೊಡ್ಡಿಗೆ ಹಾಕಿಸುವುದಾಗಿ ಸಾಹೇಬರು ಬಹಳ ವಿನಯದಿಂದ ತಿಳಿಸಿದ್ದರು.

"ಚೆಂಡು ಹಿಡಿದವರು ಮುಂದಕ್ಕೆ ಓಡಬೇಕು, ಆದರೆ ಹಿಂದಕ್ಕೆ ಮಾತ್ರ ಎಸೆಯಬೇಕು," ಎಂದರು ಸಾಹೇಬರು.

"ಇದು ಕಚೇರಿ ಕೆಲಸ ಇದ್ದಂಗೇ ಐತಲ್ರಿ," ಎಂದ ಅಮೋಘಸಿದ್ದ. ಅವನು ಹಟ್ಟಿಯ ಹಿರಿಯ, ಹಲ್ಲಿಲ್ಲ, ಆದರೆ ಹದಿನೈದು ಜನ ಆಗಲೇಬೇಕೆಂದು ಅವನನ್ನೂ ಎಳೆದು ತಂದಿದ್ದರು.

ಆಮೇಲೆ ಏಳೆಂಟು ಜನ ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು, ಎದುರಿನವರ ಎದೆಯ ಕೆಳಗೆ ತಲೆ ತೂರಿಸಿ ನೂಕಬೇಕೆಂದು ಕಲಿಸಿದರು. ಅದನ್ನು ಕಲಿಸುವ ಅಗತ್ಯವೇ ಇರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಇಟ್ಟು ನಿಲ್ಲುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ನಮ್ಮ ಕಡೆಯವರು ತಲೆ ತೂರಿಸಿ ನಿಂತರು. ನಿಂತವರು ನಿಂತೇ ಇದ್ದರು. ಸಾಹೇಬರು ಸೀಟಿ ಊದಿ ಊದಿ ಸೋತರು. ಅಮೋಘಸಿದ್ದ ಒಳಗೇ ನಿದ್ದೆ ಹೋಗಿದ್ದ.

ಸಾಹೇಬರು ಜಗತ್ತಿನ ನಕಾಶೆ ತಂದು ಬೋರ್ಡಿಗೆ ತೂಗುಹಾಕಿ, ಯಾವ ಯಾವ ದೇಶವನ್ನು ಹೇಗೆ ಗೆಲ್ಲಬಹುದೆಂದು ವಿವರಿಸಿದರು.

"ಇಂಗ್ಲೆಂಡಿನವ್ರು ಏನ್ ತಿಂತಾರ್ರಿ?" ಎಂದು ಬೀರಣ್ಣ ಕೇಳಿದ.

"ಬ್ರೆಡ್ಡು, ಬೆಣ್ಣೆ."

"ಬಿಡ್ರಿ ಅವ್ರನ್ನ, ಗೆದ್ದಂಗ. ಮತ್ತ ಯಾರದಾರ?"

"ನ್ಯೂಜಿಲೆಂಡ್. ಅವರು ಬಹಳ ಬಲಿಷ್ಠರು. ಅಲ್ಲಿ ಜನಕ್ಕಿಂತ ಕುರಿಗಳೇ ಹೆಚ್ಚು."

ಹದಿನೈದೂ ಜನ ಒಮ್ಮೆಲೇ ತಲೆ ಎತ್ತಿದರು.

"ಕುರಿ ಹೆಚ್ಚೇನ್ರಿ?" ಅಮೋಘಸಿದ್ದನ ದನಿ ಮೆತ್ತಗಾಯಿತು. "ಮತ್ತ ಅಲ್ಲಿ ಗೈರಾಣಕ್ಕ ತಂತಿ ಹಾಕ್ಯಾರೇನ್ರಿ?"

ಸಾಹೇಬರು ನಕಾಶೆ ಸುತ್ತಿಟ್ಟರು. ದೇಶದ ರಗ್ಬಿಯ ಭವಿಷ್ಯದ ಬಗ್ಗೆ ಅವತ್ತಿನ ಚರ್ಚೆ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಕುರಿಗಳ ಪಕ್ಕೆಲುಬು ಕಾಣತೊಡಗಿದ್ದವು. ಸಾಯಂಕಾಲ ಹಿಂದಿರುಗಿ ಬರುವ ಮಂದೆ ಅಭ್ಯಾಸಬಲದಿಂದ ಗೈರಾಣದ ಕಡೆ ತಿರುಗಿ, ತಂತಿಗೆ ಮೂಗು ತಾಗಿಸಿ ನಿಂತು ಅರಚುತ್ತಿತ್ತು. ಬೀರಣ್ಣ ಆ ಕಡೆ ನೋಡುತ್ತಿರಲಿಲ್ಲ. ಒಂದು ದಿನ ಅವನ ಮನೆಯ ಹಾಲುಗುರಿಯೇ ತಂತಿಗೆ ಸಿಕ್ಕಿ ಮೊಲೆ ಹರಿದುಕೊಂಡಿತು. ಮಲಕಮ್ಮ ಅದಕ್ಕೆ ಅರಿಸಿನ ಹಚ್ಚುತ್ತಾ ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಸೀದಾ ಎದ್ದು ಹೋಗಿ ಚಪರಾಸಿ ಲಾಡ್ಲೇಸಾಬನ ಕೊರಳಪಟ್ಟಿ ಹಿಡಿದ.

"ಈ ತಂತಿ ಯಾವಾಗ ಕೀಳ್ತೀರಿ ಹೇಳು!"

"ಬಿಡೋ ಬೀರಣ್ಣ, ನಾ ಏನ್ ಹಾಕೇನಿ?" ಎಂದ ಲಾಡ್ಲೇಸಾಬ. "ನೋಡು, ಬೆಂಗಳೂರಿಂದ ದೊಡ್ಡ ಸಾಹೇಬ್ರು ಬರಾಕತ್ತಾರ. ಪರಸ್ಥಳದ ತಂಡ ಒಂದು ಕರಿಸ್ಯಾರ. ನೀವು ಗೆದ್ರ ಇದು ಕಾಯಂ ಮೈದಾನ, ಕಲ್ಲಿನ ಗ್ವಾಡಿ ಕಟ್ಟಸ್ತಾರ. ನೀವು ಸೋತ್ರ ಇಲ್ಲೇನೂ ದಮ್ ಇಲ್ಲಂತ ತಂತಿ ಕಿತ್ಕೊಂಡು ಹೋಗ್ತಾರ. ನಮ್ಮ ಸಾಹೇಬ್ರೇ ಜೀಪಿನ್ಯಾಗ ಅಳಾಕತ್ತಿದ್ರು."

ಬೀರಣ್ಣ ಅವನನ್ನು ಬಿಟ್ಟು ತಬ್ಬಿಕೊಂಡ. ಕತೆ ಸುಲಭವಾಯಿತು: ಸೋಲಬೇಕು, ಅಷ್ಟೇ. ಸೋಲಲು ಯಾವ ಕಲಿಕೆಯೂ ಬೇಡ. ತಾಯಿಯ ಪಾದ ಮುಟ್ಟಿ, "ಎವ್ವಾ, ಹಟ್ಟಿ ಮರ್ಯಾದಿ ಮಣ್ಣುಪಾಲಾದ್ರೂ ಅಡ್ಡಿಲ್ಲ, ಸೋತು ನೆಲ ತರ್ತೀನಿ," ಎಂದು ಆಣೆ ಮಾಡಿದ. ಲಂಡನ್ನನ್ನು ಗೆಲ್ಲುವೆನೆಂದವನ ಬಾಯಿಂದ ಬಂದ ಮಾತು ಇದು. ನನಗೆ ಅವನ ಮೇಲೆ ಮೊದಲ ಸಲ ಮರುಕ ಬಂತು. ಮರುಗಳಿಗೆಯೇ ಇವನಿಂದಲೇ ಅಲ್ಲವೇ ಇದೆಲ್ಲ ಎಂದು ಮತ್ತೆ ಸಿಟ್ಟು ಬಂತು.

ಪಂದ್ಯದ ಬೆಳಿಗ್ಗೆ ದೊಡ್ಡ ಸಾಹೇಬರು ಶಾಮಿಯಾನದ ಕೆಳಗೆ ಕೂತರು. ಪರಸ್ಥಳದ ಹುಡುಗರು ಬೂಟು ಹಾಕಿ, ಮೊಣಕಾಲ ತನಕ ಕಾಲುಚೀಲ ಏರಿಸಿ ನಿಂತರು. ನಮ್ಮವರು ಕಚ್ಚೆ ಬಿಗಿದು ಬರಿಗಾಲಲ್ಲಿ ನಿಂತರು, ರುಮಾಲು ತೆಗೆಯಲು ಮಾತ್ರ ಒಬ್ಬರೂ ಒಪ್ಪಲಿಲ್ಲ. ಆಟದ ಸಾಹೇಬರೇ ಸೀಟಿ ಊದಿದರು.

ಅವರ ಕಡೆಯ ಒಬ್ಬ ಚೆಂಡನ್ನು ಕಂಕುಳಲ್ಲಿ ಹಿಡಿದು ಓಡಿ ಬಂದ. ನಮ್ಮವರು ಅಕ್ಕಪಕ್ಕ ಸರಿದು ದಾರಿ ಬಿಟ್ಟರು. "ಬರ್ರಿ, ಬರ್ರಿ, ಹಿಂಗ ಹಾದು ಹೋಗ್ರಿ," ಎಂದು ಅಮೋಘಸಿದ್ದ ಕೈ ತೋರಿಸಿದ. ಆ ಹುಡುಗ ಈ ಮರ್ಯಾದೆಗೆ ಹೆದರಿ ಎರಡು ಸಲ ನಿಂತು ನೋಡಿ ಮುಂದೆ ಹೋದ. ನಮ್ಮ ಬದಿಯ ಸುಣ್ಣದ ಗೆರೆ ದಾಟಿದ. ದಾಟಿ, ಬಗ್ಗಿ, ಚೆಂಡನ್ನು ಎರಡೂ ಕೈಯಿಂದ ನೆಲಕ್ಕೆ ಊರಿದ.

ನಮ್ಮವರೆಲ್ಲ ಒಟ್ಟಿಗೆ ಆ ಚೆಂಡಿನ ಕಡೆ ತಿರುಗಿದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಹಟ್ಟಿಗಳಲ್ಲಿ ವರ್ಷದ ಮೊದಲ ಮರಿಯನ್ನು ಕಂಕುಳಲ್ಲಿ ಹಿಡಿದು ತಂದು, ಎರಡೂ ಕೈಯಿಂದ ನೆಲಕ್ಕೆ ಊರುವ ಪದ್ಧತಿಯಿದೆ. ಯಾವ ಹಟ್ಟಿಯವನು ಮೊದಲು ಮರಿ ಊರಿದನೋ ಆ ವರ್ಷ ಆ ನೆಲ ಅವನ ಮಂದೆಯದು. ಊರಿದ ಮೇಲೆ ಅಲ್ಲಿಂದ ಅವನನ್ನು ಎಬ್ಬಿಸುವ ಹಕ್ಕು ಇನ್ನೊಬ್ಬ ಕುರಿಯವನಿಗಿಲ್ಲ. ಇದಕ್ಕಾಗಿ ತಲೆಗಳು ಒಡೆದಿವೆ. ಗೆರೆ ದಾಟಿ ಚೆಂಡು ಇಡಬೇಕೆಂದು ಸಾಹೇಬರು ಬಾಯಲ್ಲಿ ಹೇಳಿದ್ದರು, ನಾವು ತಲೆಯಾಡಿಸಿದ್ದೆವು. ಪರಸ್ಥಳದವನೊಬ್ಬ ನಮ್ಮ ಗೈರಾಣದಲ್ಲಿ ಹಾಗೆ ಊರುವುದನ್ನು ಕಣ್ಣಾರೆ ಕಂಡದ್ದು ಆಗಲೇ.

ತಂತಿಯ ಆಚೆಯಿಂದ ಗೊಲ್ಲಾಳಮ್ಮನ ಕೂಗು ಬಂತು.

"ಏ ಕತ್ತಿಗಳ್ರಾ! ನೋಡ್ಕೋತ ನಿಂತೀರಲ್ಲೋ! ನಮ್ಮ ನೆಲದಾಗ ಊರಿಬಿಟ್ಟಾನಲ್ಲೋ ಅವ!"

"ಎವ್ವಾ, ಸೋಲೂದು ಐತಿ, ಸುಮ್ಮಕಿರು!" ಎಂದು ಬೀರಣ್ಣ ಕೂಗಿದ.

"ಸೋಲೂದು ಬ್ಯಾರೆ, ಊರಾಕ ಬಿಡೂದು ಬ್ಯಾರೆ! ನಿಮ್ಮಪ್ಪ ಈ ನೆಲಕ್ಕ ತಲಿ ಒಡಿಸ್ಕೊಂಡಾನ!"

"ಆ ಅಜ್ಜಿ ಏನು ಹೇಳ್ತಿದ್ದಾರೆ?" ಎಂದು ದೊಡ್ಡ ಸಾಹೇಬರು ಕೇಳಿದರು.

"ಹುರಿದುಂಬಿಸುತ್ತಿದ್ದಾರೆ ಸಾರ್," ಎಂದರು ಆಟದ ಸಾಹೇಬರು.

ಹುರಿದುಂಬಿಸಿದ್ದು ಸುಳ್ಳಲ್ಲ. ಮುಂದಿನ ಸಲ ಚೆಂಡು ಹಿಡಿದು ಬಂದವನ ಮೇಲೆ ನಮ್ಮ ಹದಿನೈದೂ ಜನ ಬಿದ್ದರು. ರುಮಾಲುಗಳ ರಾಶಿಯ ಅಡಿಯಿಂದ ಬೀರಣ್ಣ ಚೆಂಡು ಕಿತ್ತುಕೊಂಡು ಎದ್ದ. ಅದನ್ನು ಕಂಕುಳಲ್ಲಿ ಅವುಚಿ, ಇನ್ನೊಂದು ಕೈ ಬೀಸುತ್ತಾ, ತೋಳದ ಬಾಯಿಂದ ಮರಿ ಬಿಡಿಸಿಕೊಂಡು ಬರುವವನಂತೆ ಓಡಿದ. ನಾನು ಹಿಂದೆ ಹಿಂದೆ ಓಡಿದೆ.

"ಮಾವಾ, ಸೋಲಬೇಕು! ಸೋಲಬೇಕು ಮಾವಾ!"

"ಸೋಲೂಣು ತಡಿಯೋ, ಮೊದ್ಲ ಊರಿ ಬರ್ತೀನಿ!"

ಅಡ್ಡ ಬಂದವರನ್ನೆಲ್ಲ ಕೆಡವಿ, ಆ ಬದಿಯ ಗೆರೆ ದಾಟಿ, ಎರಡೂ ಕೈಯಿಂದ ನೆಲ ಬಿರಿಯುವಂತೆ ಊರಿದ. ಊರಿ, ಅದರ ಮೇಲೆಯೇ ಕುಂಡೆ ಊರಿ ಕೂತ. ಸಾಹೇಬರು ಸೀಟಿ ಊದಿದರು. ಏಳಲಿಲ್ಲ. "ದಯವಿಟ್ಟು ಚೆಂಡು ಕೊಡಿ, ಆಟ ಮುಂದುವರಿಯಬೇಕು," ಎಂದು ಬೇಡಿದರು. "ಊರಿದ ಮ್ಯಾಲ ಏಳೂದು ನಮ್ಮ ವಂಶದಾಗ ಇಲ್ಲ," ಎಂದ. ಜೀಪಿನಿಂದ ಇನ್ನೊಂದು ಚೆಂಡು ತರಿಸಿದರು. ಅದನ್ನು ಅಮೋಘಸಿದ್ದ ಎತ್ತಿಕೊಂಡು ಹೋಗಿ ಅದೇ ಗೆರೆಯಾಚೆ ಇನ್ನೊಂದು ಮೂಲೆಯಲ್ಲಿ ಊರಿ ಕೂತ. ಮೂರನೆಯ ಚೆಂಡು ಸರ್ಕಾರದ ಹತ್ತಿರ ಇರಲಿಲ್ಲ. ಆಟ ಮುಗಿಯಿತು. ಅವರು ಊರಿದ್ದು ಒಂದು ಸಲ, ನಾವು ಎರಡು ಸಲ, ಹಾಗಾಗಿ ನಾವು ಗೆದ್ದಿದ್ದೆವು.

ದೊಡ್ಡ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಭೇಷ್! ನಮ್ಮ ದೇಶಕ್ಕೆ ಭವಿಷ್ಯವಿದೆ! ಈ ಮೈದಾನಕ್ಕೆ ಸುತ್ತ ಕಲ್ಲಿನ ಗೋಡೆ ಮಂಜೂರು ಮಾಡುತ್ತೇನೆ!"

ಗೋಡೆ ಬಂದರೆ ಗೈರಾಣ ಕುರಿಗೆ ಕಾಯಂ ಹೋದಂತೆಯೇ. ನಾನು ಬೀರಣ್ಣನ ಕಡೆ ನೋಡಿದೆ. ಅವನು ತಂತಿಯ ಕಡೆ ನೋಡುತ್ತಿದ್ದ. ಅಲ್ಲಿ ಮಲಕಮ್ಮ ಕಂಬಳಿಗಳನ್ನು ಮುಳ್ಳುತಂತಿಯ ಮೇಲೆ ಮಡಚಿ ಹಾಕಿ, ಮೇಲೆ ಕಲ್ಲು ಹೇರಿ, ನೆಲಕ್ಕೆ ಒತ್ತಿದ್ದಳು. ಗಂಡ ಊರಿದ್ದನ್ನು ಅವಳು ನೋಡಿದ್ದಳು. ಊರಿದ ಮೇಲೆ ಮಂದೆ ಬಿಡುವುದು ಹೆಂಗಸರ ಕೆಲಸ. ಅವಳನ್ನು ಯಾರೂ ಕೇಳಬೇಕಾಗಿರಲಿಲ್ಲ. ಇಡೀ ಹಟ್ಟಿಯ ಕುರಿ ಕಂಬಳಿಗಳ ಮೇಲೆ ಹಾದು ಒಳಗೆ ನುಗ್ಗಿತು. ಸುಣ್ಣದ ಗೆರೆ ಅಳಿಸಿತು, ಶಾಮಿಯಾನದ ಹಗ್ಗ ಕಿತ್ತಿತು. ಹುಲ್ಲಿಗೆ ಬಾಯಿ ಹಾಕಿದವು. ಆಮೇಲೆ ಬಿಸಿಲು ಏರಿದಂತೆ ಜೀಪಿನ ನೆರಳು ಹುಡುಕಿ ಬಂದು, ಜೀಪಿನ ಸುತ್ತ ತಲೆ ತಗ್ಗಿಸಿ ಒತ್ತಾಗಿ ನಿಂತುಬಿಟ್ಟವು.

"ಹೊರಗೆ ಹಾಕಿ! ಬೋರ್ಡು ಓದಿ!" ಎಂದು ಆಟದ ಸಾಹೇಬರು ಕುರಿಗಳಿಗೂ ಕೇಳುವಂತೆ ಕೂಗಿದರು.

ಬೀರಣ್ಣ ಚೆಂಡಿನ ಮೇಲೆ ಕೂತಲ್ಲಿಂದಲೇ ಕೇಳಿದ: "ಸಾಹೇಬ್ರ, ಗೆರಿ ದಾಟಿ ಊರಿದವನ ಗೆಲುವು ಹೌದೋ ಅಲ್ಲೋ?"

"ಹೌದು, ಆದರೆ..."

"ನಾವು ಊರೇವೋ ಇಲ್ಲೋ?"

"ಊರಿದ್ದೀರಿ. ಅದಕ್ಕೇ ಗೆದ್ದಿದ್ದೀರಿ."

"ಹಂಗಾರ ನೆಲ ಯಾರದು?"

"ಸರ್ಕಾರದ್ದು!"

ಬೀರಣ್ಣ ಎದ್ದ. ಅವನ ಸಿಟ್ಟನ್ನು ನಾನು ಬೇಕಾದಷ್ಟು ನೋಡಿದ್ದೆ, ಅದು ಬರುವುದೂ ಹೋಗುವುದೂ ಒಂದೇ ಹೊತ್ತು. ಇದು ಹಾಗಿರಲಿಲ್ಲ. ದನಿ ಏರಿಸದೆ ಕೇಳಿದ:

"ಮತ್ತ ಆಡಿಸಿದ್ಯಾಕ್ರಿ? ಗೆದ್ರೂ ನಿಮ್ದು, ಸೋತ್ರೂ ನಿಮ್ದು ಅಂದ್ರ ನಮ್ಮ ಮೊಣಕಾಲ ಒಡಿಸಿದ್ಯಾಕ?"

ಸಾಹೇಬರು ಸೀಟಿಯನ್ನು ಜೇಬಿಗಿಳಿಸಿ ದೊಡ್ಡ ಸಾಹೇಬರ ಕಡೆ ತಿರುಗಿದರು.

ದೊಡ್ಡ ಸಾಹೇಬರು ಜೀಪಿನ ಕಡೆ ನಾಲ್ಕು ಹೆಜ್ಜೆ ನಡೆದು ಕುರಿಗಳ ನಡುವೆ ಸಿಕ್ಕಿಕೊಂಡರು. ಎದುರಿಗೆ ಗೊಲ್ಲಾಳಮ್ಮ ನಿಂತಿದ್ದಳು. ಕೆಟ್ಟ ಮನುಷ್ಯರಲ್ಲ ಅವರು. ಅವಳನ್ನು ಸಮಾಧಾನ ಮಾಡಲು ನೋಡಿದರು.

"ಅಮ್ಮಾ, ನಿಮ್ಮ ಮಗನನ್ನು ದೇಶಕ್ಕೆ ಕೊಡಿ. ಇಂಗ್ಲೆಂಡಿಗೆ ಕಳಿಸುತ್ತೇವೆ. ಅವರ ನೆಲದಲ್ಲೇ ಅವರನ್ನು ಸೋಲಿಸಿ ಬರಲಿ."

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಯೋಚಿಸಿದಳು.

"ಅಲ್ಲಿ ನನ್ನ ಮಗ ಊರಿದ್ರ, ಆ ನೆಲದಾಗ ನಮ್ಮ ಕುರಿ ಬಿಡ್ತಾರೇನ್ರಿ?"

"ಇಲ್ಲಮ್ಮ," ಎಂದು ಅವರು ನಕ್ಕರು. "ಅದು ಆಟ. ಗೆದ್ದವರಿಗೆ ಒಂದು ಕಪ್ಪು ಕೊಟ್ಟು ಕಳಿಸುತ್ತಾರೆ."

"ಬರೇ ಕಪ್ಪು?" ಗೊಲ್ಲಾಳಮ್ಮ ಕೇಳಿದಳು. "ಅವ್ರು ನಮ್ಮ ದೇಶಕ್ಕ ಬಂದು ಊರಿದಾಗ ಬರೇ ಕಪ್ಪು ತಗೊಂಡು ಹೋದ್ರೇನ್ರಿ?"

ದೊಡ್ಡ ಸಾಹೇಬರ ನಗು ಹಾಗೆಯೇ ನಿಂತಿತು. ಅವರು ಲಾಡ್ಲೇಸಾಬನನ್ನು ಕರೆದು ಬೋರ್ಡನ್ನೂ ತಂತಿಯನ್ನೂ ಕೀಳಲು ಹೇಳಿ, ಮಂದೆ ತಾನಾಗಿ ಜಾಗ ಬಿಟ್ಟು ಏಳುವ ತನಕ ಅಲ್ಲಿಯೇ, ಬಿಸಿಲಿನಲ್ಲಿ, ಕಾಯುತ್ತಾ ನಿಂತರು.